ಗಂಗೋತ್ರಿ ಏನು ತಗೊಂಡಳು

ಹಂಪಿಯಲ್ಲಿ ಪ್ರವಾಸಿಗರಿಗೆ ಸಾಮಾನು ಮಾರುವ ಜಂಬಕ್ಕ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ರೇನ್‌ಕೋಟುಗಳ ಗಂಟು ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ತಂಗಿ ಚಂದ್ರಕಲಾ.

“ಬಿಸ್ಲು ಹಿಂಗ ಹೊಡಿಯಾಕತ್ತೈತಿ, ರೇನ್‌ಕೋಟು ಯಾಕ ತಗೊಂಡಿ ಅಕ್ಕಾ?”

“ನಿನ್ನಿ ಮಳ್ಯಾಗ ನನ್ನ ಬಾಜೂಕ ಮಾರೋ ಆ ಗಂಗೋತ್ರಿ ಇದ್ದಬದ್ದ ರೇನ್‌ಕೋಟೆಲ್ಲ ಮಾರಿದ್ಲು. ಟೋಪಿ ಇಟ್ಕೊಂಡು ಕುಂತ ನನಗ ಬೋಣಿನೂ ಆಗ್ಲಿಲ್ಲ.”

“ಟೋಪಿನೂ ಆಕಿನ್ನ ನೋಡೇ ತಂದಿದ್ದಿ.”

“ಮಳಿ ಬರ್ತೈತಂತ ಆಕಿಗೆ ಯಾರು ಬಂದು ಹೇಳ್ತಾರ?”

“ಯಾರೂ ಹೇಳಂಗಿಲ್ಲ. ಆಕಿ ಎಲ್ಲಾನೂ ಸ್ವಲ್ಪ ಸ್ವಲ್ಪ ತರ್ತಾಳ. ನೀನು ಒಂದನ್ನ ಗಂಟುಗಟ್ಲೆ ತರ್ತಿ.”

“ಆತು ಬಿಡು, ನೀನೂ ಆಕಿ ಕಡಿ ಸೇರ್ಕೊ.”

ಹಂಪಿ ಬಸ್ಸು ಬಂತು. ಚಂದ್ರಕಲಾ ಗಂಟು ಎತ್ತಿಕೊಂಡಳು. ಜಂಬಕ್ಕನ ಕಣ್ಣು ಮಾತ್ರ ಎದುರಿನ ಸಗಟು ಅಂಗಡಿಯ ಮೇಲಿತ್ತು. ಗಂಗೋತ್ರಿ ಆಗಷ್ಟೇ ಒಳಗೆ ಹೋಗಿದ್ದಳು.

“ನೀ ಹತ್ತು. ಆಕಿ ಏನು ತಗೊಂತಾಳ ನೋಡ್ಕೊಂಡು ಬರ್ತೀನಿ,” ಎಂದವಳೇ ರಸ್ತೆ ದಾಟಿದಳು.