ಟೋಪಿ ಮೇಸ್ತ್ರಿ ಹೇಳದ ಮಾತು

ಇದು ಆಗಿದ್ದು ನನ್ನ ಷಡ್ಡಕನಿಗೆ. ಅವನು ಕತೆ ಕಟ್ಟುವ ಪೈಕಿಯಲ್ಲ. ಕಟ್ಟುವಷ್ಟು ಪುರಸೊತ್ತೂ ಅವನಿಗಿಲ್ಲ.

ಆ ರಾತ್ರಿ, ಸಂಜೆಯ ಪಾಳಿ ಮುಗಿಸಿ ನಡೆದೇ ಮನೆಗೆ ಹೊರಟಿದ್ದ. ಕೊನೆಯ ಬಸ್ಸು ಹೋಗಿಯಾಗಿತ್ತು. ಅವನು ಕೆಲಸ ಮಾಡುವ ಕೋಲ್ಡ್ ಸ್ಟೋರೇಜಿನ ಹಿಂಬದಿ ಗೋಡೆಗುಂಟ ಒಂದು ಕಾಲುದಾರಿ, ಅದರ ತುದಿಗೆ ಒಂದು ಹಾಳು ಬಾವಿ. ನೀರು ಸೇದುವವರಿಲ್ಲ, ಮುಚ್ಚಿಸುವವರೂ ಇಲ್ಲ. ಕಾಲು ಎಳೆದುಕೊಂಡು ಬರುತ್ತಿದ್ದಾನೆ... ಚಪ್ಪಲಿಯಡಿ ಜಲ್ಲಿ, ಚರ್, ಚರ್. ಬೇರೆ ಸದ್ದಿಲ್ಲ.

ಆಮೇಲೆ... ಟಣ್.

ಕಬ್ಬಿಣದ ಮೇಲೆ ಕಬ್ಬಿಣ. ಜೋರಾಗೇನಲ್ಲ. ಒಮ್ಮೆ ತಟ್ಟಿ, ಸುಮ್ಮನಿದ್ದು, ಮತ್ತೆ ತಟ್ಟಿದ ಹಾಗೆ. ಟಣ್...... ಟಣ್.

ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು. ತಲೆಗೆ ಮಂಕಿಟೋಪಿ.

“ಮನೆಗಾ?” ಪಿಸುದನಿ.

“ಹೂಂ.”

“ಉಂಡೆಯಾ?”

“ಇಲ್ಲ, ಹೋಗಿ ಉಣ್ಣಬೇಕು.”

“ಅದನ್ನ ನಾನು ಹೇಳಿದ್ದೆನೇನೋ?”

“ಯಾವುದನ್ನ ಮೇಸ್ತ್ರಿ?”

ಹೀಗೆ ಕೇಳಿ ಮುಂದೆ ದಾಟಿಯೂ ಹೋದ. ದಣಿದವನಿಗೆ ಹೆದರಿಕೆ ತಡವಾಗಿ ಬರುತ್ತೆ, ನೋಡಿ. ಕಾಲು ನಿಂತದ್ದು ಆಮೇಲೆ. ಮಂಕಿಟೋಪಿ ಹಾಕುತ್ತಿದ್ದವನು ಟೋಪಿ ಮೇಸ್ತ್ರಿ. ಟೋಪಿ ಮೇಸ್ತ್ರಿ ಸತ್ತು ಒಂದು ಬೇಸಿಗೆ ಕಳೆದಿತ್ತು. ಹೆಗಲು ಕೊಟ್ಟವರಲ್ಲಿ ಇವನೂ ಒಬ್ಬ.

ತಿರುಗಿ ನೋಡಿದ... ಬಾವಿಕಟ್ಟೆ ಖಾಲಿ.

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು. ಟೋಪಿ ಮೇಸ್ತ್ರಿ ಆ ಕೋಲ್ಡ್ ಸ್ಟೋರೇಜಿನ ಯಂತ್ರಗಳನ್ನು ಮಕ್ಕಳ ಹಾಗೆ ಸಾಕಿದವನು. ಹೆಸರಿಗೆ ಟೋಪಿ, ಯಾರಿಗೂ ಟೋಪಿ ಹಾಕಿದವನಲ್ಲ. ಹಳಬರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರೆ ಕೆಲಸದ ಮರ್ಮ ಯಾರ ಹತ್ತಿರ ಉಳಿಯುತ್ತೆ ಅಂತ ಮಾಲೀಕರು ಎಐ ತರಿಸಿದರು. ವ್ಯಾಪಾರದ ಬುದ್ಧಿಯಲ್ಲಿ ತಪ್ಪೇನಿಲ್ಲ, ನಾನಾದರೂ ಅದನ್ನೇ ಮಾಡುತ್ತಿದ್ದೆ. ಹಳಬನನ್ನು ಸಣ್ಣ ಕೋಣೆಯಲ್ಲಿ ಮೈಕಿನ ಮುಂದೆ ಕೂರಿಸಿ ಬಲ್ಲದ್ದನ್ನೆಲ್ಲ ಹೇಳಿಸೋದು. ಎಐ ಅದನ್ನು ಇಟ್ಟುಕೊಂಡು, ಆಮೇಲೆ ಯಾರು ಏನು ಕೇಳಿದರೂ ಗೋಡೆಯ ಪರದೆಯ ಮೇಲೆ ಉತ್ತರ ತೋರಿಸುತ್ತೆ. ಕೆಳಗೆ ‘ಹೇಳಿದವರು ಇಂಥವರು’ ಅಂತ ಹೆಸರೂ ಇರುತ್ತೆ. ಕೆಲಸಗಾರರು ಅದಕ್ಕೆ ಬಲ್ಲಣ್ಣ ಅಂತ ಹೆಸರಿಟ್ಟಿದ್ದರು. ಹಗಲು ಹಳಬರ ಬಾಯಿ ಬಿಡಿಸೋದು, ಸಂಜೆ ಮೇಲೆ ತನ್ನ ಪಾಳಿ ನೋಡೋದು... ಎರಡೂ ನನ್ನ ಷಡ್ಡಕನ ತಲೆಗೆ.

ಮೇಸ್ತ್ರಿ ಎಲ್ಲ ಹೇಳಿದ, ಮೂರನೇ ಕೋಣೆಯನ್ನು ತಣ್ಣಗಿಡುವ ಅಮೋನಿಯಾ ಅನಿಲದ ವಾಲ್ವ್ ಒಂದನ್ನು ಬಿಟ್ಟು. ಅದು ಮಂಜುಗಟ್ಟಿ ಬಿಗಿದುಕೊಂಡಾಗ ಸರಿ ಮಾಡುತ್ತಿದ್ದವನು ಅವನೊಬ್ಬನೇ.

“ಹೇಳಿ ಮೇಸ್ತ್ರಿ, ಬಲ್ಲಣ್ಣ ಬಾಯಿ ಬಿಟ್ಕೊಂಡು ಕೂತಿದ್ದಾನೆ.”

“ಅದು ಕೈಗೆ ಗೊತ್ತು ಕಣೋ, ಬಾಯಿಗೆ ಗೊತ್ತಿಲ್ಲ. ಯೋಚನೆ ಮಾಡಿ ನಾಳೆ ಹೇಳ್ತೀನಿ.”

ಆ ನಾಳೆ ಬರಲಿಲ್ಲ. ರಾತ್ರಿ ಮಲಗಿದವನು ಏಳಲಿಲ್ಲ.

ಮೇಲಿನವರಿಂದ ದಿನಾ ಫೋನು: ‘ಮೇಸ್ತ್ರಿದು ಯಾಕೆ ಇನ್ನೂ ಅಪೂರ್ಣ ಅಂತ ತೋರಿಸ್ತಿದೆ?’ ಷಡ್ಡಕನಿಗೆ ಸಾಕುಸಾಕಾಗಿತ್ತು. ಮೇಸ್ತ್ರಿ ಆ ವಾಲ್ವನ್ನು ಸ್ಪ್ಯಾನರಿನಿಂದ ತಟ್ಟುವುದನ್ನು ಇವನು ಬಾಗಿಲಲ್ಲಿ ನಿಂತು ನೋಡಿದ್ದುಂಟು. ಒಂದು ಸಂಜೆ ತಾನೇ ಮೈಕಿನ ಮುಂದೆ ಕೂತು, ‘ಬಿಗಿದಿದ್ದರೆ ಸ್ಪ್ಯಾನರಿನಿಂದ ತಟ್ಟಿ ಬಿಡಿಸಿ’ ಅಂದ. ಹೇಳಿದವರು: ಟೋಪಿ ಮೇಸ್ತ್ರಿ ಅಂತ ತಾನೇ ಒತ್ತಿದ. ಪರದೆ ‘ಪೂರ್ಣ’ ಅಂತು. ಮನೆಗೆ ಹೋಗಿ ಮಲಗಿದ. ಸತ್ತವನು ಬಂದು ಇಲ್ಲ ಅಂತಾನೆಯೇ?

ಈಗ ಖಾಲಿ ಬಾವಿಕಟ್ಟೆ ನೋಡುತ್ತ ನಿಂತಿದ್ದಾಗ ಜೇಬಿನಲ್ಲಿ ಫೋನು ಗುರ್ರ್ ಅಂತು. ಬಲ್ಲಣ್ಣನಿಗೆ ಬರುವ ಪ್ರಶ್ನೆಯೆಲ್ಲ ಇವನ ಫೋನಿಗೂ ಬರುತ್ತೆ. ರಾತ್ರಿ ಪಾಳಿಯವನು ಕೇಳಿದ್ದ: ‘ಮೂರನೇ ಕೋಣೆ ವಾಲ್ವ್ ಬಿಗಿದಿದೆ. ಏನು ಮಾಡಲಿ?’

ಅವನು ಲಾರಿ ಬಿಟ್ಟು ಹೊಸದಾಗಿ ಸೇರಿದವನು, ಎಲ್ಲರೂ ಡ್ರೈವರ್ ಅಂತಲೇ ಕರೆಯೋದು. ಪರದೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಆಸಾಮಿ. ಮಷಿನ್ ರೂಮಿಗೆ ಫೋನು ಒಯ್ಯುವ ಹಾಗಿಲ್ಲ. ಆದರೂ ಷಡ್ಡಕ ಕರೆ ಮಾಡಿದ... ಯಾರೂ ಎತ್ತಲಿಲ್ಲ.

ಬಂದ ದಾರಿಯಲ್ಲೇ ಓಡಿದ. ಆಗ ಬಂತು ನೋಡಿ ಹೆದರಿಕೆ. ದೆವ್ವದ್ದಲ್ಲ. ತಟ್ಟಿದ ಪೆಟ್ಟಿಗೆ ವಾಲ್ವ್ ಒಡೆದು ಅಮೋನಿಯಾ ಮುಖಕ್ಕೆ ಚಿಮ್ಮಿದರೆ ಕಣ್ಣು, ಗಂಟಲು, ಎದೆ... ಕ್ಷಣದ ಮಾತು. ಕೊಲ್ಲುವುದು ತಾನು ಆಡಿದ ಮಾತು, ಹೆಸರು ಮಾತ್ರ ಮೇಸ್ತ್ರಿಯದು. ಬೆನ್ನ ಹಿಂದೆ ಮತ್ತೆ ಟಣ್... ಟಣ್... ಅಂತಿತ್ತಂತೆ. ತಿರುಗಲಿಲ್ಲ.

ಡ್ರೈವರ್ ಗೇಟಿನ ಹೊರಗೆ ಖಾಲಿ ಕ್ರೇಟಿನ ಮೇಲೆ ಕೂತಿದ್ದ.

“ತಟ್ಟಿದೆಯೇನೋ?” ಇವನಿಗೆ ಉಸಿರೇ ಇಲ್ಲ.

“ಇಲ್ಲ ಅಣ್ಣ. ತಟ್ಟಬೇಡ ಅಂತ ತಾನೇ ಇದ್ದದ್ದು?”

“ಎಲ್ಲಿ?”

“ಪರದೆ ಮೇಲೆ. ಬೈದ ಹಾಗಿತ್ತು. ನೀವೇ ಎಲ್ಲೋ ಕೂತು ಟೈಪ್ ಮಾಡಿದ್ರಿ ಅಂದ್ಕೊಂಡೆ.”

ಷಡ್ಡಕ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದ. ಯಂತ್ರ ನಿಂತಿತ್ತು. ಪರದೆ ಬೆಳಗುತ್ತಿತ್ತು.

‘ತಟ್ಟಬೇಡ ಮಗಾ. ನಾನು ತಟ್ಟುತ್ತಿದ್ದದ್ದು ಕೇಳೋಕೆ, ಬಿಡಿಸೋಕಲ್ಲ. ಸದ್ದು ದಪ್ಪಗೆ ಬಂದ್ರೆ ಒಳಗೆ ತುಂಬಿದೆ ಅಂತ. ಮಷಿನ್ ನಿಲ್ಲಿಸಿ ಹೊರಗೆ ಹೋಗಿ ಕೂತ್ಕೋ. ಆ ಇನ್ನೊಂದು ಮಾತು ನಾನು ಹೇಳಿಲ್ಲ.’

ಹೇಳಿದವರು: ಟೋಪಿ ಮೇಸ್ತ್ರಿ.

ಬೆಳಿಗ್ಗೆ ರಿಪೇರಿಯವರು ಮಂಜು ಕರಗಿಸಿ ನೋಡಿದರೆ ವಾಲ್ವಿನ ಕತ್ತು ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಒಂದು ಪೆಟ್ಟು ಬಿದ್ದಿದ್ದರೆ ಸಾಕಾಗಿತ್ತು. ಎಐ ಕೂರಿಸಿದ ಕಂಪನಿಯವರೂ ಬಂದರು. “ಅದು ಕೆಲವು ಸಲ ತಾನೇ ಊಹಿಸಿ ಹೇಳಿಬಿಡುತ್ತೆ ಸಾರ್, ಅದರ ಗುಣವೇ ಹಾಗೆ” ಅಂದರು. ಊಹಿಸಲಿ. ಆದರೆ ಇವನು ತುಂಬಿದ ಸುಳ್ಳು ಎಲ್ಲಿ ಹೋಯಿತು? ಎಷ್ಟು ಜಾಲಾಡಿದರೂ ಸಿಗಲಿಲ್ಲ.

ಷಡ್ಡಕ ಮಾಲೀಕರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡ. “ಯಾರೂ ಸಾಯಲಿಲ್ಲವಲ್ಲ, ಬಿಡು” ಅಂದರು. ಮಾರನೆಯ ದಿನ ಮೈಕಿನ ಕೋಣೆಗೆ ಇನ್ನೊಬ್ಬ ಹಳಬನನ್ನು ಕಳಿಸಿದರು. ಇವನು ಮತ್ತೆ ಎದುರಿಗೆ ಕೂತ. ಏನು ಮಾಡೋದು, ಹೊಟ್ಟೆಪಾಡು.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನಾನು ಹಣ್ಣಿನ ವ್ಯಾಪಾರಿ, ಸುಳ್ಳು ಹೇಳಿ ನಿಮಗೆ ಏನು ಮಾರಲಿ? ನಡೆದದ್ದು ನಡೆದಿದೆ. ಬಲ್ಲಣ್ಣ ಆಗಾಗ ಹಳಬರ ಫೋನಿಗೆಲ್ಲ ಒಂದು ಪ್ರಶ್ನೆ ಕಳಿಸುತ್ತಾನೆ: ‘ನೀವು ಹೇಳಿದ್ದು ಈಗಲೂ ಸರಿಯೇ?’ ಅವರು ‘ಸರಿ’ ಅಂತ ಒತ್ತಬೇಕು. ಮೇಸ್ತ್ರಿಯ ಫೋನು ಅವನ ಹೆಂಡತಿಯ ಬೀರುವಿನಲ್ಲಿದೆ. ಸಿಮ್ ಇಲ್ಲ, ಬ್ಯಾಟರಿ ಉಬ್ಬಿಹೋಗಿದೆ. ನಾನೇ ಕೈಯಲ್ಲಿ ಹಿಡಿದು ನೋಡಿದ್ದೀನಿ.

ಆದರೂ ಪ್ರತಿ ಸಲ ಅವನ ಎಲ್ಲ ಮಾತಿನ ಮುಂದೆಯೂ ‘ಸರಿ’ ಅಂತ ಬಂದಿರುತ್ತೆ. ಮಿಕ್ಕವರಿಗಿಂತ ಮೊದಲು.