ಮೂರು ದಿನದ ಗಡ್ಡ

೨೦೦೭ರ ಬೇಸಿಗೆ. ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಚಿತ್ರದುರ್ಗದ ಬಸ್ಸಿಗೆ ಕಾಯುತ್ತಿದ್ದ ಕೋರ್ಟ್ ಗುಮಾಸ್ತೆ ಶೋಭಾರಾಣಿಯ ಪಕ್ಕದ ಬೆಂಚಿನಲ್ಲಿ ಇಬ್ಬರು ಕುಳಿತಿದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡವಳನ್ನು ಹಿರಿಯಳು ಯಶೋಧಾ ಎಂದು ಕರೆಯುತ್ತಿದ್ದಳು.

“ಚಂದ್ರಕ್ಕ, ಬೆಂಗಳೂರಾಗೆ ಗಡ್ಡಕ್ಕೆ ಲೇಸರ್ರೇ ಮಾಡಿಸ್ಕಂತೀನಿ. ಶೇವ್ ಮಾಡ್ಕಂಡು ಹೋದ್ರೆ ಸಾಕಂತೆ.”

“ಲೇಸರ್ ಮಾಡಿಸ್ಕಂಡ ನಮ್ಮ ಬಿಂದು ಕೆನ್ನೆ ನೋಡಿದ್ಯಲ್ಲ? ನಮ್ಮಂಥ ಕಪ್ಪು ಚರ್ಮ ಸುಟ್ಟು ಕಲೆ ಆಗೈತೆ. ಕರೆಂಟ್ ಸೂಜೀನೇ ಗಟ್ಟಿ. ಒಂದೊಂದೇ ಬೇರು ಸುಡ್ತಾರೆ.”

“ಒಂದೊಂದೇ! ಅಷ್ಟರಾಗೆ ಮುದುಕಿ ಆಗ್ತೀನಿ.”

“ಆಗು. ಮುದುಕ ಆಗೋದು ತಪ್ತಲ್ಲ.”

ಯಶೋಧಾ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. “ಸೂಜಿಯವ್ರಿಗೆ ಕೂದ್ಲು ಹಿಡಿಯೋಕೆ ಸಿಗ್ಬೇಕು ಅಂತ ಮೂರು ದಿನ ಗಡ್ಡ ಬಿಟ್ಟೀನಿ. ಹಿಂಗೇ ಬಸ್ ಹತ್ತಿದ್ರೆ ಹೊಡೀತಾರಕ್ಕ. ಹೊಸದುರ್ಗದ ಬಸ್ಸಾಗೆ ಸೆರಗು ಎಳೆದಿದ್ದು ಮರೆತ್ಯಾ? ಬ್ಯಾಗಾಗೆ ಬ್ಲೇಡ್ ಐತೆ. ಪಾಯಿಖಾನೆಗೆ ಹೋಗಿ ಬೋಳಿಸ್ಕಂಬರ್ತೀನಿ.”

“ಯಾವ ಕಡೆ ಹೋಗ್ತೀಯೇ? ಗಂಡಸ್ರ ಕಡೆಗಾ?”

ಯಶೋಧಾ ಸೆರಗನ್ನು ಮೂಗಿನವರೆಗೂ ಎಳೆದುಕೊಂಡಳು. ಕಟಕಟೆ ಹತ್ತುವ ಕೊಲೆಗಾರರಲ್ಲೂ ಶೋಭಾರಾಣಿ ಇಂಥ ಹೆದರಿಕೆ ಕಂಡಿರಲಿಲ್ಲ. ಯಾರನ್ನೂ ಕೊಲ್ಲದವಳು ಮುಖ ಮುಚ್ಚಿಕೊಂಡು ಕುಳಿತಿದ್ದಳು.

ಬೆಂಗಳೂರಿನ ಬಸ್ಸು ಬಂತು. ಯಶೋಧಾ ಬ್ಯಾಗಿಗೆ ಕೈ ಹಾಕಿದಳು.

“ತಗಾ, ಬ್ಲೇಡ್ ನೀನೇ ಇಟ್ಕ. ನನ್ನ ಹತ್ರ ಇದ್ರೆ ದಾರ‍್ಯಾಗೇ ಬೋಳಿಸ್ಕಂತೀನಿ.”

“ಹೆಂಗಸ್ರು ಮುಂದೆ ಹೋಗ್ರೀ!” ಕಂಡಕ್ಟರ್ ಕೂಗಿದ.

ಮೆಟ್ಟಿಲ ಮೇಲೆ ಯಶೋಧಾಳ ಕಾಲು ನಿಂತುಬಿಟ್ಟಿತು. ಚಂದ್ರಕ್ಕ ಹಿಂದಿನಿಂದ ಅವಳ ಬೆನ್ನಿಗೆ ಕೈಯಿಟ್ಟಳು.

“ನಿನಗೇ ಕಣೇ ಹೇಳಿದ್ದು. ಹತ್ತು.”