ಕ್ಯಾಮೆರಾ ಹಿಡಿದವಳ ಮಾತು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ವಯಸ್ಸಾದವರೊಬ್ಬರು ಲ್ಯಾಪ್‌ಟಾಪ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಪಕ್ಕದಲ್ಲಿದ್ದ ಹೆಂಗಸು ಅವರನ್ನು ಭಾವ ಎನ್ನುತ್ತಿದ್ದರು.

“ನಮ್ಮ ಹಳೇ ವೀಡಿಯೊನ ಎಡಿಟಿಂಗ್ ಸಾಫ್ಟ್‌ವೇರ್ ತಗೊಳ್ತಾನೇ ಇರ್ಲಿಲ್ಲ. ಫೈಲ್ ಹೆಸರಿನ ಕೊನೇ ಮೂರಕ್ಷರ ಬದಲಾಯಿಸಿದೆ. ಈಗ ಚಿತ್ರ ಬರತ್ತೆ, ಸದ್ದೇ ಇಲ್ಲ.”

“ಬೋರ್ಡ್ ಬದಲಾಯಿಸಿದ್ರೆ ಅಂಗಡಿ ಬದಲಾಗತ್ತಾ ಭಾವ? ಕನ್ವರ್ಟ್ ಮಾಡ್ಬೇಕು.”

“ಅದನ್ನೂ ಮಾಡಿದೆ. ಆ ಸದ್ದಿನ ಫಾರ್ಮ್ಯಾಟ್ ಇದಕ್ಕೆ ಒಗ್ಗಲ್ವಂತೆ.”

“ಹೋಗ್ಲಿ ಬಿಡಿ. ಹಿಂದೆ ಒಂದು ಹಾಡು ಹಾಕಿದ್ರಾಯ್ತು.”

“ಚಿತ್ರದಲ್ಲಿರೋದು ನಾನೊಬ್ಬನೇ ಕಣಮ್ಮ. ಕ್ಯಾಮೆರಾ ಹಿಡಿದಿದ್ದು ನಿಮ್ಮಕ್ಕ. ಅದರಲ್ಲಿ ಅವಳದು ಅಂತ ಉಳಿದಿರೋದು ಮಾತು ಮಾತ್ರ.”

ಆಕೆ ಅವರತ್ತ ತಿರುಗಿದರು.

“ಏನಂತಾಳೆ?”

“ಹೊಟ್ಟೆ ಒಳಗೆ ಎಳ್ಕೊಳ್ಳಿ ಅಂತಾಳೆ. ಆಮೇಲೆ ನಗ್ತಾಳೆ.”

“ಮೊದಲಿನ ಫೈಲ್ ಅಳಿಸಿಲ್ಲ ತಾನೆ?”

“ಇಲ್ಲ. ಕ್ಯಾಮೆರಾದಲ್ಲೇ ಹಾಕಿದ್ರೆ ಚೆನ್ನಾಗಿ ಕೇಳ್ಸತ್ತೆ.”

“ಮತ್ತೆ ಅದರಲ್ಲೇ ನೋಡಬಹುದಲ್ಲ.”

“ಬೆಂಕಿಪೊಟ್ಟಣದಷ್ಟು ಪರದೆ. ಒಬ್ಬನಿಗೆ ಸಾಕು. ಟೀವೀಲಿ ಬರೋ ಹಾಗೆ ಮಾಡಿದ್ರೆ ನಿಮ್ಮನ್ನೆಲ್ಲ ಕರೀಬಹುದು ಅಂತ.”

ಆಕೆಯ ಸ್ಟಾಪು ಬಂತು.

“ಸರಿಹೋದ ಮೇಲೆ ಹೇಳಿ ಭಾವ. ಖಂಡಿತ ಬರ್ತೀನಿ.”

“ಆಗ್ಲಮ್ಮ.”

ಆಕೆ ಇಳಿದ ಮೇಲೆ ಅವರು ಚೀಲವನ್ನು ಖಾಲಿಯಾದ ಸೀಟಿನ ಮೇಲಿಟ್ಟರು. ಮುಂದಿನ ಸ್ಟಾಪಿನಲ್ಲಿ ಅದನ್ನೆತ್ತಿಕೊಂಡು ಬಾಗಿಲ ಬಳಿ ಹೋಗಿ ನಿಂತರು. ಇಳಿಯುವ ಮುನ್ನ, ಯಾರೂ ಹೇಳದಿದ್ದರೂ, ಹೊಟ್ಟೆಯನ್ನು ಒಳಗೆಳೆದುಕೊಂಡರು.